ಬಿಳಿ ಹಿನ್ನೆಲೆ ಅಳಿಯದಿದ್ದಾಗ: ಗಿಂಪ್‌ನಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ಬ್ಯಾನರುಗಳನ್ನು ಗಮನಿಸಿದರೆ, ಅರಿಶಿನ ಬಣ್ಣದ ಪಟ್ಟಿಯ ಮೇಲೆ ಸಂಘದ ಲಾಂಛನವು ಒಂದು ಬಿಳಿ ಚೌಕದೊಳಗೆ ಕುಳಿತಿರುವುದು ಹಲವೆಡೆ ಕಾಣಿಸುತ್ತದೆ. ಆ ಚೌಕವನ್ನು ತೆಗೆಯಲು ಬ್ಯಾನರ್ ಮಾಡಿದವರು ಪ್ರಯತ್ನಿಸಿಲ್ಲವೆಂದು ಹೇಳಲಾಗದು. ಎಷ್ಟೋ ಸಲ ಪ್ರಯತ್ನಿಸಿ, ಕೈಸೋತು ಬಿಟ್ಟಿರುತ್ತಾರೆ. ಅವರನ್ನು ವಿಚಾರಿಸಿದರೆ ಸಿಗುವ ಉತ್ತರಗಳು ಒಂದೇ ಬಗೆಯವಲ್ಲ. ಡಿಲೀಟ್ ಕೀಲಿಯನ್ನು ಒತ್ತಿದರೂ ಏನೂ ಆಗಲಿಲ್ಲವೆಂದು ಒಬ್ಬರು, ಬಿಳಿ ಹೋಯಿತಾದರೂ ಅಕ್ಷರಗಳ ಸುತ್ತ ಮಾಸಲು ಗೆರೆ ಉಳಿಯಿತೆಂದು ಇನ್ನೊಬ್ಬರು, ತಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಚಿತ್ರ ಮುದ್ರಣದವರ ಬಳಿ ಹೋದಾಗ ಮತ್ತೆ ಬಿಳಿಯಾಯಿತೆಂದು ಮತ್ತೊಬ್ಬರು ಹೇಳುತ್ತಾರೆ. ಮೇಲ್ನೋಟಕ್ಕೆ ಇವೆಲ್ಲವೂ ‘ಬಿಳಿ ಹೋಗುತ್ತಿಲ್ಲ’ ಎಂಬ ಒಂದೇ ದೂರಿನಂತೆ ಕೇಳಿಸಿದರೂ ಇವುಗಳ ಕಾರಣಗಳು ಬೇರೆಬೇರೆ, ಮತ್ತು ಒಂದರ ಪರಿಹಾರವನ್ನು ಇನ್ನೊಂದಕ್ಕೆ ಬಳಸಿದಾಗ ಚಿತ್ರ ಕೆಡುತ್ತದೆ. ಆದ್ದರಿಂದ ಯಾವ ದೋಷವೆಂದು ಖಚಿತಪಡಿಸಿಕೊಳ್ಳದೆ ಥ್ರೆಶೋಲ್ಡ್ (ಎಷ್ಟು ಬಣ್ಣವ್ಯತ್ಯಾಸದವರೆಗೆ ಆಯ್ಕೆ ಹರಡಬೇಕೆಂಬ ಮಿತಿ) ಏರಿಸುವುದಕ್ಕೆ ಕೈ ಹಾಕಬಾರದು.

ಇಲ್ಲಿನ ವಿವರಣೆಯು ಚಿತ್ರಗಳನ್ನು ತಿದ್ದಲು ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದ 2.10 ಆವೃತ್ತಿಗೂ 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ 3.0 ಆವೃತ್ತಿಗೂ ಅನ್ವಯಿಸುತ್ತದೆ. ಫೋಟೋಶಾಪ್ ಬಳಸುವವರಿಗೆ ಮೆನುಗಳ ಹೆಸರು ಬದಲಾಗುತ್ತದೆಯೇ ಹೊರತು ದೋಷಗಳ ಮೂಲ ಬದಲಾಗುವುದಿಲ್ಲ.

ಮೊದಲು ಮಾಡಬೇಕಾದ ಪರೀಕ್ಷೆ

ಬಿಳಿ ಹಿನ್ನೆಲೆ ಹೋಗಿದೆಯೇ ಇಲ್ಲವೇ ಎಂಬುದನ್ನು ಬಿಳಿಯ ಮೇಲೆಯೇ ಇಟ್ಟು ನೋಡಿದರೆ ತಿಳಿಯುವುದಿಲ್ಲ. ಗಿಂಪ್ ತೋರಿಸುವ ಬೂದು ಚೌಕಳಿಯ ಮೇಲೂ ಸಣ್ಣ ಉಳಿಕೆಗಳು ಅಡಗಿಕೊಳ್ಳುತ್ತವೆ. ಆದ್ದರಿಂದ ಕೆಲಸ ಶುರುಮಾಡುವ ಮೊದಲೇ ಚಿತ್ರದ ಪದರದ (ಲೇಯರ್) ಕೆಳಗೆ ಹೊಸದೊಂದು ಪದರವನ್ನು ಸೇರಿಸಿ, ಅದನ್ನು ಚಿತ್ರದಲ್ಲಿ ಎಲ್ಲೂ ಇಲ್ಲದ ಗಾಢ ಬಣ್ಣದಿಂದ, ಉದಾಹರಣೆಗೆ ಕಡುಹಸಿರು ಅಥವಾ ನೇರಳೆಯಿಂದ, ತುಂಬಬೇಕು. ಮುಂದೆ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಈ ಬಣ್ಣದ ಮೇಲೆಯೇ ನೋಡಿ ನಿರ್ಧರಿಸಬೇಕು, ಮತ್ತು ರಫ್ತು ಮಾಡುವಾಗ ಆ ಪದರದ ಕಣ್ಣಿನ ಗುರುತನ್ನು ಒತ್ತಿ ಪದರವನ್ನು ಮರೆಮಾಡಬೇಕು. ಇಷ್ಟು ಮಾಡುವುದಕ್ಕೆ ಅರ್ಧ ನಿಮಿಷ ಸಾಕು.

ಎರಡನೆಯ ಪರೀಕ್ಷೆ ಸಂಖ್ಯೆಗಳದ್ದು. ವಿಂಡೋಸ್ ಮೆನುವಿನ ಡಾಕಬಲ್ ಡೈಲಾಗ್ಸ್ ಪಟ್ಟಿಯಲ್ಲಿರುವ ಪಾಯಿಂಟರ್ ಫಲಕವನ್ನು ತೆರೆದು, ಮೌಸನ್ನು ಹಿನ್ನೆಲೆಯ ನಾಲ್ಕು ಮೂಲೆಗಳಲ್ಲಿಯೂ ವಸ್ತುವಿನ ಅಂಚಿನ ಬಳಿಯೂ ಒಯ್ದರೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಬೆಲೆಗಳು ಕಾಣುತ್ತವೆ. ಅವು ಶೇಕಡಾವಾರು ಕಂಡರೆ ಫಲಕದಲ್ಲಿಯೇ ಪಿಕ್ಸೆಲ್ ಎಂಬ ಆಯ್ಕೆಗೆ ಬದಲಿಸಿ 0ರಿಂದ 255ರವರೆಗಿನ ಸಂಖ್ಯೆಗಳಾಗಿ ಓದಬಹುದು. ಎಲ್ಲೆಡೆ 255 ಬಂದರೆ ಹಿನ್ನೆಲೆ ಶುದ್ಧ ಬಿಳಿ. ಒಂದು ಮೂಲೆಯಲ್ಲಿ 246, ಇನ್ನೊಂದರಲ್ಲಿ 221 ಬಂದರೆ ಅದು ಕಣ್ಣಿಗಷ್ಟೇ ಬಿಳಿ. ಅದೇ ಫಲಕದಲ್ಲಿ ಆಲ್ಫಾದ, ಅಂದರೆ ಪಿಕ್ಸೆಲ್ ಎಷ್ಟು ಅಪಾರದರ್ಶಕವೆಂಬುದರ, ಬೆಲೆಯೂ ಕಾಣುತ್ತದೆ: ಪೂರ್ಣ ಪಾರದರ್ಶಕವಾದ ಕಡೆ ಅದು ಸೊನ್ನೆಯಾಗಿರಬೇಕು.

ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರವಾದರೆ ಮೂರನೆಯ ಪರೀಕ್ಷೆಯೊಂದು ಅಗತ್ಯ. ಹಿನ್ನೆಲೆಯಿಲ್ಲದ ಪಿಎನ್‌ಜಿ ಎಂದು ಹೆಸರಿಟ್ಟುಕೊಂಡು ಸಿಗುವ ಹಲವು ಚಿತ್ರಗಳಲ್ಲಿ ಬೂದು-ಬಿಳಿ ಚೌಕಳಿಯೇ ಚಿತ್ರದ ಭಾಗವಾಗಿ ಅಚ್ಚಾಗಿರುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಚೌಕಳಿಯ ಮನೆಗಳೂ ಜೊತೆಗೆ ದೊಡ್ಡದಾದರೆ ಅದು ಬಣ್ಣದ ಚೌಕಳಿ. ಎಷ್ಟು ಹಿಗ್ಗಿಸಿದರೂ ಮನೆಗಳು ಅಷ್ಟೇ ಗಾತ್ರದಲ್ಲಿ ಉಳಿದರೆ ಅದು ಗಿಂಪ್ ತೋರಿಸುತ್ತಿರುವ ನಿಜವಾದ ಪಾರದರ್ಶಕತೆ. ಅಚ್ಚಾದ ಚೌಕಳಿಯನ್ನು ಬಿಡಿಸುವ ಶ್ರಮಕ್ಕಿಂತ ಬೇರೆ ಮೂಲವನ್ನು ಹುಡುಕುವುದು ಲೇಸು.

ಅಳಿಸಿದ ಜಾಗದಲ್ಲಿ ಮತ್ತೆ ಬಿಳಿಯೇ ತುಂಬಿಕೊಳ್ಳುವುದು

ಇದು ಅತಿ ಸಾಮಾನ್ಯವಾದ ಮತ್ತು ಅತಿ ಸುಲಭವಾಗಿ ಸರಿಹೋಗುವ ದೋಷ. ಜೆಪೆಗ್ ಕಡತಗಳಲ್ಲಿ ಪಾರದರ್ಶಕತೆಯನ್ನು ದಾಖಲಿಸುವ ವ್ಯವಸ್ಥೆಯೇ ಇಲ್ಲ. ಅಂಥ ಕಡತವನ್ನು ತೆರೆದಾಗ ಬರುವ ಪದರಕ್ಕೆ ಆಲ್ಫಾ ಚಾನೆಲ್ ಇರುವುದಿಲ್ಲ, ಅಂದರೆ ಆ ಪದರದ ಯಾವ ಪಿಕ್ಸೆಲ್ಲೂ ‘ಖಾಲಿ’ಯಾಗಿರಲು ಅವಕಾಶವಿಲ್ಲ. ಆಯ್ಕೆ ಮಾಡಿದ ಭಾಗವನ್ನು ಅಳಿಸಿದಾಗ ಗಿಂಪ್ ಆ ಜಾಗಕ್ಕೆ ಉಪಕರಣ ಪೆಟ್ಟಿಗೆಯಲ್ಲಿರುವ ಹಿನ್ನೆಲೆ ಬಣ್ಣವನ್ನು ತುಂಬುತ್ತದೆ, ಮತ್ತು ಆ ಬಣ್ಣ ಸಾಮಾನ್ಯವಾಗಿ ಬಿಳಿಯೇ ಆಗಿರುವುದರಿಂದ ಬಿಳಿಯನ್ನು ಅಳಿಸಿ ಬಿಳಿಯನ್ನೇ ಬಳಿದಂತಾಗುತ್ತದೆ. ಬಳಕೆದಾರರಿಗೆ ಮಾತ್ರ ಏನೂ ನಡೆದಂತೆ ಕಾಣುವುದಿಲ್ಲ. ಹಿನ್ನೆಲೆ ಬಣ್ಣ ಕಪ್ಪಾಗಿದ್ದಾಗ ಇದೇ ದೋಷವು ಹಿನ್ನೆಲೆ ಕಪ್ಪಾಯಿತೆಂಬ ದೂರಾಗಿ ಬರುತ್ತದೆ.

ಪದರಗಳ ಪಟ್ಟಿಯಲ್ಲಿ ಪದರದ ಹೆಸರು ದಪ್ಪ ಅಕ್ಷರಗಳಲ್ಲಿದ್ದರೆ ಅದಕ್ಕೆ ಆಲ್ಫಾ ಚಾನೆಲ್ ಇಲ್ಲವೆಂದು ಅರ್ಥ. ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿ ಪಟ್ಟಿಯಲ್ಲಿ ಆ್ಯಡ್ ಆಲ್ಫಾ ಚಾನೆಲ್ ಎಂಬುದನ್ನು ಒತ್ತಿದರೆ ಹೆಸರು ಸಾಮಾನ್ಯ ಅಕ್ಷರಕ್ಕೆ ತಿರುಗುತ್ತದೆ, ಆ ಮೇಲೆ ಅಳಿಸಿದ್ದು ನಿಜವಾಗಿಯೂ ಅಳಿಯುತ್ತದೆ. ಪದೇ ಪದೇ ಈ ಕೆಲಸ ಮಾಡುವವರು ಪ್ರಿಫರೆನ್ಸಸ್‌ನಲ್ಲಿ ಆಮದಾದ ಚಿತ್ರಗಳಿಗೆ ಆಲ್ಫಾ ಚಾನೆಲ್ ತಾನಾಗಿ ಸೇರುವಂತೆ ಒಮ್ಮೆಗೇ ಹೊಂದಿಸಿಡಬಹುದು. ಫೋಟೋಶಾಪ್‌ನಲ್ಲಿ ಇದಕ್ಕೆ ಸಮನಾದದ್ದು ಬ್ಯಾಕ್‌ಗ್ರೌಂಡ್ ಎಂಬ ಬೀಗ ಹಾಕಿದ ಪದರ; ಅದರ ಮೇಲೆ ಎರಡು ಬಾರಿ ಒತ್ತಿ ಸಾಮಾನ್ಯ ಪದರವಾಗಿಸಿದರೆ ಸಾಕು.

ಆಲ್ಫಾ ಇದ್ದೂ ಬಿಳಿ ಹೋಗದಿದ್ದರೆ ಎರಡು ಸಂಗತಿಗಳನ್ನು ನೋಡಬೇಕು. ಕೆಳಗೆ ಇನ್ನೊಂದು ಬಿಳಿ ಪದರ ಕಣ್ಣು ತೆರೆದುಕೊಂಡಿರಬಹುದು, ಇಲ್ಲವೇ ಕ್ರಿಯಾಶೀಲವಾಗಿರುವ ಪದರ ನೀವು ಅಂದುಕೊಂಡದ್ದಲ್ಲದಿರಬಹುದು. ಜಿಫ್ ಕಡತವಾದರೆ ಚಿತ್ರವು ಇಂಡೆಕ್ಸ್ಡ್ ವಿಧಾನದಲ್ಲಿರುತ್ತದೆ. ಅದರಲ್ಲಿ ಒಂದು ಪಿಕ್ಸೆಲ್ ಪೂರ್ತಿ ಕಾಣಬೇಕು ಅಥವಾ ಪೂರ್ತಿ ಮಾಯವಾಗಬೇಕು, ನಡುವಿನ ಸ್ಥಿತಿಯಿಲ್ಲ. ಇಮೇಜ್ ಮೆನುವಿನ ಮೋಡ್ ಪಟ್ಟಿಯಿಂದ ಅದನ್ನು ಆರ್‌ಜಿಬಿಗೆ ಬದಲಿಸಿಕೊಂಡೇ ಮುಂದುವರಿಯಬೇಕು.

ಆಯ್ಕೆ ಅರ್ಧಂಬರ್ಧ ಆಗುವುದು, ಅಥವಾ ವಸ್ತುವನ್ನೇ ನುಂಗುವುದು

ಫಝಿ ಸೆಲೆಕ್ಟ್ ಉಪಕರಣದಿಂದ ಹಿನ್ನೆಲೆಯ ಮೇಲೆ ಒತ್ತಿದಾಗ, ಒತ್ತಿದ ಪಿಕ್ಸೆಲ್‌ನ ಬಣ್ಣಕ್ಕೂ ಅಕ್ಕಪಕ್ಕದವುಗಳ ಬಣ್ಣಕ್ಕೂ ಇರುವ ಅಂತರ ನಿಗದಿತ ಥ್ರೆಶೋಲ್ಡ್‌ಗಿಂತ ಹೆಚ್ಚಾಗದಷ್ಟು ದೂರ ಆಯ್ಕೆ ಹರಡುತ್ತದೆ. ಗಿಂಪ್‌ನಲ್ಲಿ ಈ ಮಿತಿ ಮೊದಲಿಗೆ 15 ಇರುತ್ತದೆ. ಶುದ್ಧ ಬಿಳಿಯ ಮೇಲೆ ಒತ್ತಿದರೆ 240ರವರೆಗಿನ ಪಿಕ್ಸೆಲ್‌ಗಳು ಆಯ್ಕೆಯಾಗುತ್ತವೆಯೆಂದಾಯಿತು. ಕಂಪ್ಯೂಟರಿನಲ್ಲೇ ರಚಿಸಿದ ಲಾಂಛನಕ್ಕೆ ಇಷ್ಟು ಧಾರಾಳವಾಗಿ ಸಾಕು. ಆದರೆ ಮನೆಯ ದೀಪದ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಚಿತ್ರದಲ್ಲಿ ಕಾಗದದ ಒಂದು ಬದಿ ಹಳದಿಗೆ, ಇನ್ನೊಂದು ಬದಿ ಬೂದಿಗೆ ವಾಲಿರುತ್ತದೆ, ಮತ್ತು ಆಯ್ಕೆಯು ನಡುದಾರಿಯಲ್ಲಿ ನಿಂತುಬಿಡುತ್ತದೆ.

ಇಲ್ಲಿ ಥ್ರೆಶೋಲ್ಡ್ ಅನ್ನು 60, 80ಕ್ಕೆ ಏರಿಸುವುದು ಮೊದಲಿಗೆ ಹೊಳೆಯುವ ಉಪಾಯ, ಮತ್ತು ಬಹುತೇಕ ಚಿತ್ರಗಳು ಕೆಡುವುದು ಅದರಿಂದಲೇ. ಮಿತಿ ಏರಿದಂತೆ ಹಿನ್ನೆಲೆಯ ಜೊತೆಗೆ ವಸ್ತುವಿನ ತಿಳಿಬಣ್ಣದ ಭಾಗಗಳೂ ಆಯ್ಕೆಗೆ ಸೇರುತ್ತವೆ. ಹೆಚ್ಚು ಸುರಕ್ಷಿತವಾದ ದಾರಿಯೆಂದರೆ ಪದರದ ನಕಲೊಂದನ್ನು ಮಾಡಿಕೊಂಡು, ಆ ನಕಲಿನಲ್ಲಿ ಮಾತ್ರ ಕಲರ್ಸ್ ಮೆನುವಿನ ಲೆವೆಲ್ಸ್ ತೆರೆದು, ಬಲಬದಿಯ ಬಿಳಿ ತ್ರಿಕೋನವನ್ನು ಹಿನ್ನೆಲೆಯ ಅತಿ ಮಂಕಾದ ಬೆಲೆಯವರೆಗೆ, ಮೇಲಿನ ಉದಾಹರಣೆಯಲ್ಲಾದರೆ 221ರ ಸಮೀಪಕ್ಕೆ, ಎಳೆದು ತರುವುದು. ಆಗ ನಕಲಿನ ಹಿನ್ನೆಲೆ ಪೂರ್ತಿ 255 ಆಗುತ್ತದೆ. ಅದರಲ್ಲಿ ಕಡಿಮೆ ಥ್ರೆಶೋಲ್ಡ್‌ನಿಂದ ಆಯ್ಕೆ ಮಾಡಿ, ನಂತರ ಮೂಲ ಪದರವನ್ನು ಒತ್ತಿ ಅಲ್ಲಿ ಅಳಿಸಬೇಕು. ಆಯ್ಕೆ ಎಂಬುದು ಇಡೀ ಚಿತ್ರಕ್ಕೆ ಸೇರಿದ್ದು, ಯಾವುದೋ ಒಂದು ಪದರಕ್ಕಲ್ಲ. ಹಾಗಾಗಿ ಒಂದು ಪದರವನ್ನು ನೋಡಿ ಮಾಡಿದ ಆಯ್ಕೆಯನ್ನು ಇನ್ನೊಂದರಲ್ಲಿ ಬಳಸಲು ಯಾವ ಅಡ್ಡಿಯೂ ಇಲ್ಲ. ಮೂಲದ ಬಣ್ಣಗಳಿಗೂ ಇದರಿಂದ ಧಕ್ಕೆಯಾಗುವುದಿಲ್ಲ.

ಆಯ್ಕೆ ಒಟ್ಟಾರೆ ಚೆನ್ನಾಗಿ ಬಂದಿದ್ದರೂ ವಸ್ತುವಿನ ಹತ್ತಿರ ಮರಳು ಚೆಲ್ಲಿದಂತೆ ಚುಕ್ಕೆಗಳು ಉಳಿದಿದ್ದರೆ ಅದು ಜೆಪೆಗ್ ಸಂಕೋಚನದ ಕುರುಹು. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ತುಂಡುಗಳಾಗಿ ಕತ್ತರಿಸಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಸಂಕುಚಿಸುತ್ತದೆ. ಕಡುಬಣ್ಣದ ಅಂಚು ಇರುವ ತುಂಡಿನಲ್ಲಿ ಅದರ ಕಂಪನವು ಬಿಳಿಯ ಭಾಗಕ್ಕೂ ತಾಗಿ 255 ಇರಬೇಕಾದಲ್ಲಿ 243, 250, 236 ಎಂಬಂಥ ಬೆಲೆಗಳು ಮೂಡುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಫೋಟೋ ಆಗಿ ದಾಟಿ ಬಂದ ಲಾಂಛನದಲ್ಲಿ ಸಂಕೋಚನ ನಡೆದು ಈ ಚುಕ್ಕೆಗಳು ದಟ್ಟವಾಗಿರುತ್ತವೆ. ಇದಕ್ಕೆ ನಿಜವಾದ ಮದ್ದು ಮೂಲ ಕಡತ. ಅದನ್ನು ತರಿಸಿಕೊಳ್ಳಲು ಒಂದು ಫೋನ್ ಕರೆ ಮಾಡುವುದು ಒಂದು ಗಂಟೆಯ ತಿದ್ದುವಿಕೆಗಿಂತ ಹಗುರ. ಲಾಂಛನವು ಪಿಡಿಎಫ್ ಕಡತದೊಳಗೆ ಇದ್ದರಂತೂ ಅದನ್ನು ಗೆರೆಚಿತ್ರಗಳ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ತೆರೆದು ನೋಡಬೇಕು. ಗೆರೆಗಳಾಗಿಯೇ ಉಳಿದಿರುವ ಲಾಂಛನಕ್ಕೆ ಬಿಳಿ ಹಿನ್ನೆಲೆಯ ಪ್ರಶ್ನೆಯೇ ಹೆಚ್ಚಾಗಿ ಏಳುವುದಿಲ್ಲ.

ಅಕ್ಷರದ ಸೊನ್ನೆ, ಗೊಂಬೆಯ ಹೊಳಪು

ಕನ್ನಡ ಬರಹವಿರುವ ಚಿತ್ರಗಳಲ್ಲಿ ಒಂದು ದೋಷ ತಪ್ಪದೆ ಕಾಣುತ್ತದೆ. ಹೊರಗಿನ ಬಿಳಿಯೆಲ್ಲ ಹೋದ ಮೇಲೂ ‘ಠ’, ‘ರ’, ‘ಥ’ ಮುಂತಾದ ಅಕ್ಷರಗಳ ಒಳಗಿನ ಸುತ್ತು, ಅನುಸ್ವಾರದ ಸೊನ್ನೆಯ ಒಡಲು ಬಿಳಿಯಾಗಿಯೇ ಉಳಿಯುತ್ತವೆ. ಫಝಿ ಸೆಲೆಕ್ಟ್ ಪರಸ್ಪರ ತಾಗಿಕೊಂಡಿರುವ ಪಿಕ್ಸೆಲ್‌ಗಳನ್ನಷ್ಟೇ ಹಿಡಿಯುತ್ತದೆ. ಅಕ್ಷರದ ಗೆರೆ ಸುತ್ತುಗಟ್ಟಿದ ಜಾಗಕ್ಕೆ ಅದು ದಾಟಲಾರದು. ದುಂಡಾದ ನಮ್ಮ ಲಿಪಿಯಲ್ಲಿ ಅಂಥ ಜಾಗಗಳು ಹೇರಳ. ಬರಹಕ್ಕೆ ಸೆಲೆಕ್ಟ್ ಬೈ ಕಲರ್ ಉಪಕರಣವೇ ತಕ್ಕದ್ದು, ಏಕೆಂದರೆ ಅದು ತಾಗಿರಲಿ ಬಿಡಲಿ, ಚಿತ್ರದಲ್ಲಿರುವ ಅದೇ ಬಣ್ಣವನ್ನೆಲ್ಲ ಒಟ್ಟಿಗೆ ಆಯ್ಕೆ ಮಾಡುತ್ತದೆ.

ಆದರೆ ಇದೇ ಉಪಕರಣವನ್ನು ವಸ್ತುಗಳ ಛಾಯಾಚಿತ್ರಕ್ಕೆ ಬಳಸಿದರೆ ತದ್ವಿರುದ್ಧವಾದ ಹಾನಿಯಾಗುತ್ತದೆ. ಚನ್ನಪಟ್ಟಣದ ಗೊಂಬೆಯನ್ನು ಮಾರಾಟದ ಜಾಲತಾಣಕ್ಕಾಗಿ ಬಿಳಿ ಹಾಳೆಯ ಮೇಲಿಟ್ಟು ತೆಗೆದ ಚಿತ್ರವನ್ನು ಪರಿಗಣಿಸೋಣ. ಅರಗಿನ ಬಣ್ಣ ಹಚ್ಚಿ ಮೆರುಗು ಕೊಟ್ಟ ಆ ದುಂಡು ಮೈಯ ಮೇಲೆ ದೀಪದ ಪ್ರತಿಬಿಂಬ ಬಿದ್ದ ಕಡೆಯಲ್ಲೆಲ್ಲ ಬೆಲೆ 255 ಮುಟ್ಟಿರುತ್ತದೆ. ಬಣ್ಣ ಹಚ್ಚದೆ ಬಿಟ್ಟ ಹಾಲೆ ಮರದ ಭಾಗವೂ ಕೆನೆಬಿಳಿಯೇ. ಬಣ್ಣವನ್ನು ನೋಡಿ ಆಯ್ಕೆ ಮಾಡಿದರೆ ಹಿನ್ನೆಲೆಯ ಜೊತೆಗೆ ಈ ಹೊಳಪೂ ಅಳಿದು ಗೊಂಬೆಯ ಮೈಯಲ್ಲಿ ತೂತುಗಳು ಬೀಳುತ್ತವೆ. ಬಿಳಿ ಪುಟದ ಮೇಲೆ ಆ ತೂತುಗಳು ಗೊತ್ತಾಗುವುದೇ ಇಲ್ಲ. ಕಡುಬಣ್ಣದ ಪುಟಕ್ಕೆ ಹೋದಾಗ ಬಯಲಾಗುತ್ತವೆ. ಬಿದರಿ ಕಲೆಯ ಬೆಳ್ಳಿಯ ಕುಸುರಿಗೂ ಇದೇ ಗತಿ. ಇಂಥ ವಸ್ತುಗಳಿಗೆ ಫಝಿ ಸೆಲೆಕ್ಟ್‌ನಿಂದ ಹೊರಗಿನ ಬಿಳಿಯನ್ನಷ್ಟೇ ಹಿಡಿಯಬೇಕು. ಈಗಾಗಲೇ ಬಣ್ಣದಿಂದ ಆಯ್ಕೆ ಮಾಡಿ ಆಗಿದ್ದರೆ, ಸೆಲೆಕ್ಟ್ ಮೆನುವಿನ ಇನ್ವರ್ಟ್ ಒತ್ತಿ ಆಯ್ಕೆಯನ್ನು ವಸ್ತುವಿನ ಮೇಲಕ್ಕೆ ತಿರುಗಿಸಿ, ಅದೇ ಮೆನುವಿನ ರಿಮೂವ್ ಹೋಲ್ಸ್ ಒತ್ತಿದರೆ ಒಳಗಿನ ತೂತುಗಳು ಮುಚ್ಚಿಕೊಳ್ಳುತ್ತವೆ. ಹೊಳಪು ವಸ್ತುವಿನ ಅಂಚಿಗೇ ತಾಗಿ ಹಿನ್ನೆಲೆಯೊಡನೆ ಒಂದಾಗಿದ್ದಲ್ಲಿ ಮಾತ್ರ ಇದು ನೆರವಾಗುವುದಿಲ್ಲ. ಆ ಜಾಗವನ್ನು ಕೈಯಿಂದಲೇ ಬಿಡಿಸಬೇಕಾಗುತ್ತದೆ.

ಯಾವ ಆಯ್ಕೆಯನ್ನೇ ಆಗಲಿ ನೇರವಾಗಿ ಅಳಿಸುವುದರ ಬದಲು ಪದರದ ಮುಖವಾಡವಾಗಿ (ಲೇಯರ್ ಮಾಸ್ಕ್) ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಕಡ್ಡಾಯ. ವಸ್ತುವಿನ ಮೇಲೆ ಆಯ್ಕೆ ಇರುವಾಗ ಆ್ಯಡ್ ಲೇಯರ್ ಮಾಸ್ಕ್ ಒತ್ತಿ, ಸೆಲೆಕ್ಷನ್ ಎಂಬುದನ್ನು ಆರಿಸಿದರೆ ಹಿನ್ನೆಲೆ ಮರೆಯಾಗುತ್ತದೆ, ಆದರೆ ಮೂಲದ ಒಂದು ಪಿಕ್ಸೆಲ್ಲೂ ನಾಶವಾಗುವುದಿಲ್ಲ. ಮಾಸ್ಕ್‌ನ ಮೇಲೆ ಬಿಳಿ ಬಳಿದರೆ ಹೋದದ್ದು ಮರಳುತ್ತದೆ, ಕಪ್ಪು ಬಳಿದರೆ ಉಳಿದದ್ದು ಮರೆಯಾಗುತ್ತದೆ. ಕುಂಚದಿಂದ ಎಳೆದ ಗೆರೆ ಚಿತ್ರದ ಮೇಲೆಯೇ ಮೂಡುತ್ತಿದೆಯೆಂದರೆ ಮಾಸ್ಕ್‌ನ ಬದಲು ಪದರ ಕ್ರಿಯಾಶೀಲವಾಗಿದೆಯೆಂದು ತಿಳಿದು, ಮಾಸ್ಕ್‌ನ ಪುಟ್ಟ ಚಿತ್ರವನ್ನು ಒಮ್ಮೆ ಒತ್ತಿಕೊಳ್ಳಬೇಕು.

ಅಂಚಿನಲ್ಲಿ ಉಳಿಯುವ ಬಿಳಿ ಗೆರೆ

ಎಲ್ಲ ದೂರುಗಳಲ್ಲಿ ಹೆಚ್ಚು ಹಟಮಾರಿಯಾದದ್ದು ಇದು, ಮತ್ತು ಇದರ ಕಾರಣವನ್ನು ಅರಿತರೆ ಉಳಿದ ಕೆಲಸವೆಲ್ಲ ಅರ್ಧಕ್ಕರ್ಧ ಹಗುರವಾಗುತ್ತದೆ. ಕಪ್ಪು ಅಕ್ಷರದ ಬಾಗಿದ ಅಂಚು ಪಿಕ್ಸೆಲ್‌ಗಳ ಚೌಕಗಳ ಮೂಲಕ ಓರೆಯಾಗಿ ಹಾಯುವಾಗ ಕೆಲವು ಪಿಕ್ಸೆಲ್‌ಗಳ ಅರ್ಧ ಭಾಗ ಅಕ್ಷರಕ್ಕೂ ಅರ್ಧ ಭಾಗ ಕಾಗದಕ್ಕೂ ಸೇರುತ್ತದೆ. ಅಂಥ ಪಿಕ್ಸೆಲ್‌ಗೆ ಎರಡರ ಮಿಶ್ರಣವಾದ ಬೂದು ಬಣ್ಣ, ಸುಮಾರು 128, ಬರುತ್ತದೆ. ಐದನೆಯ ಒಂದು ಪಾಲು ಮಾತ್ರ ಅಕ್ಷರವಿದ್ದರೆ 204. ಅಂಚು ನಯವಾಗಿ ಕಾಣುವುದು ಇದರಿಂದಲೇ. ಈಗ ಥ್ರೆಶೋಲ್ಡ್ 15ರಿಂದ ಬಿಳಿಯನ್ನು ಆಯ್ದು ಅಳಿಸಿದರೆ 240ರ ಮೇಲಿನವು ಹೋಗುತ್ತವೆ, 204 ಮತ್ತು 128 ಹಾಗೆಯೇ ಪೂರ್ಣ ಅಪಾರದರ್ಶಕವಾಗಿ ಉಳಿಯುತ್ತವೆ. ಅರಿಶಿನ ಬಣ್ಣದ ಬ್ಯಾನರಿನ ಮೇಲೆ, ಅದರ ಬೆಲೆ ಕೆಂಪು 255, ಹಸಿರು 204, ನೀಲಿ 0 ಎಂದಿಟ್ಟುಕೊಂಡರೆ, ಅರ್ಧ ಮುಚ್ಚಿದ ಪಿಕ್ಸೆಲ್‌ನ ಸರಿಯಾದ ಬಣ್ಣ ಸುಮಾರು 128, 102, 0 ಆಗಿರಬೇಕಿತ್ತು. ಅದರ ಜಾಗದಲ್ಲಿ 128, 128, 128 ಎಂಬ ತಣ್ಣನೆಯ ಬೂದು ಕೂತಿರುತ್ತದೆ. ಕಣ್ಣಿಗೆ ಬೀಳುವ ಮಾಸಲು ಗೆರೆ ಆ ವ್ಯತ್ಯಾಸವೇ ಹೊರತು ಅಳಿಸದೆ ಉಳಿದ ಬಿಳಿಯಲ್ಲ. ಅದು ವಸ್ತುವಿನೊಳಗೆ ಬೆರೆತುಹೋದ ಬಿಳಿ. ಆದ್ದರಿಂದಲೇ ಎಷ್ಟು ಸಲ ಅಳಿಸಿದರೂ ಅದು ತೀರುವುದಿಲ್ಲ.

ಪರಿಹಾರವು ವಸ್ತುವನ್ನು ಅವಲಂಬಿಸಿದೆ. ಕಪ್ಪು ಶಾಯಿಯ ಸಹಿ, ಕೈಬರಹದ ಶೀರ್ಷಿಕೆ, ರೇಖಾಚಿತ್ರ ಇವುಗಳಿಗೆ ಆಯ್ಕೆಯ ಗೊಡವೆಯೇ ಬೇಡ. ಕಲರ್ಸ್ ಮೆನುವಿನ ಕಲರ್ ಟು ಆಲ್ಫಾ ಎಂಬ ಆದೇಶವು ಪ್ರತಿ ಪಿಕ್ಸೆಲ್‌ನಲ್ಲೂ ಎಷ್ಟು ಪಾಲು ಬಿಳಿ ಬೆರೆತಿದೆಯೆಂದು ಲೆಕ್ಕ ಹಾಕಿ, ಅಷ್ಟು ಪಾಲನ್ನು ಪಾರದರ್ಶಕತೆಯಾಗಿ ಮಾರ್ಪಡಿಸಿ, ಉಳಿದ ಬಣ್ಣವನ್ನು ಶುದ್ಧಗೊಳಿಸುತ್ತದೆ. 128ರ ಬೂದು ಪಿಕ್ಸೆಲ್ ಅರ್ಧ ಪಾರದರ್ಶಕವಾದ ಅಪ್ಪಟ ಕಪ್ಪಾಗುತ್ತದೆ, ಮತ್ತು ಯಾವ ಬಣ್ಣದ ಮೇಲಿಟ್ಟರೂ ಅದಕ್ಕೆ ತಕ್ಕಂತೆ ಬೆರೆಯುತ್ತದೆ. ಕಾಗದ ಪೂರ್ತಿ ಬಿಳಿಯಲ್ಲದಿದ್ದರೆ ಪುಟದಾದ್ಯಂತ ತೆಳುವಾದ ಮುಸುಕು ಉಳಿಯುತ್ತದೆ. ಅದೇ ಕಿಟಕಿಯ ಟ್ರಾನ್ಸ್‌ಪರೆನ್ಸಿ ಥ್ರೆಶೋಲ್ಡ್ ಅನ್ನು ಕೆಳಗಿನ ಪರೀಕ್ಷಾ ಪದರದ ಬಣ್ಣ ಸ್ವಚ್ಛವಾಗಿ ಕಾಣುವವರೆಗೆ ಮೆಲ್ಲಗೆ ಏರಿಸಿದರೆ ಮುಸುಕು ಹೋಗುತ್ತದೆ.

ವಸ್ತುಗಳ ಛಾಯಾಚಿತ್ರಕ್ಕೆ ಮುಖವಾಡವನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಸರಿಸುವುದು ಲೇಸು. ಅಳಿಸುವ ಮುನ್ನ ಹಿನ್ನೆಲೆಯ ಆಯ್ಕೆಯನ್ನು ಸೆಲೆಕ್ಟ್ ಮೆನುವಿನ ಗ್ರೋ ಆದೇಶದಿಂದ 1 ಪಿಕ್ಸೆಲ್ ಹಿಗ್ಗಿಸಿ, ಫೆದರ್ ಆದೇಶದಿಂದ ಅಷ್ಟೇ ಮೃದುಗೊಳಿಸಬಹುದು. ಮಾಸ್ಕ್ ಆಗಲೇ ಇದ್ದರೆ ಅದನ್ನು ಕ್ರಿಯಾಶೀಲಗೊಳಿಸಿ, ಸ್ವಲ್ಪ ಮಸುಕುಗೊಳಿಸಿ, ಲೆವೆಲ್ಸ್ ತೆರೆದು ಎಡಬದಿಯ ಕಪ್ಪು ತ್ರಿಕೋನವನ್ನು ಬಲಕ್ಕೆ ಎಳೆದರೆ ಅಂಚು ಕಣ್ಣೆದುರೇ ಒಳಕ್ಕೆ ಸರಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಸಂಖ್ಯೆಯಿಂದಲ್ಲದೆ ಕಣ್ಣಿಂದಲೇ ನಿರ್ಧರಿಸಬಹುದಾದ್ದರಿಂದ ನಾನು ಗ್ರೋಗಿಂತ ಇದನ್ನೇ ಮೆಚ್ಚುತ್ತೇನೆ. ತೆಳುವಾದ ಅಕ್ಷರಗಳಿಗೆ ಮಾತ್ರ ಇದನ್ನು ಮಾಡಬಾರದು. ಎರಡು ಬದಿಯಿಂದಲೂ ಒಂದೊಂದು ಪಿಕ್ಸೆಲ್ ಕಳೆದುಕೊಂಡ ತೆಳುಗೆರೆ ಮುರಿದುಬೀಳುತ್ತದೆ, ಒತ್ತಕ್ಷರಗಳು ಮೊದಲು ಬಲಿಯಾಗುತ್ತವೆ.

ಕೂದಲು, ದಾರದ ಕುಚ್ಚು, ನವಿಲುಗರಿಯಂಥ ಅಂಚುಗಳನ್ನು ಒಳಕ್ಕೆ ಸರಿಸಿದರೆ ಅವೇ ಇಲ್ಲವಾಗುತ್ತವೆ. ಅಲ್ಲಿ ಅಂಚಿನ ಪಾರದರ್ಶಕತೆಯನ್ನು ಹಾಗೆಯೇ ಬಿಟ್ಟು ಬಣ್ಣವನ್ನಷ್ಟೇ ಬದಲಿಸಬೇಕು. ಅದಕ್ಕೆ ಪದರದ ನಕಲಿನಲ್ಲಿ ಮಾಸ್ಕ್ ಅನ್ನು ಅನ್ವಯಿಸಿ, ಪದರಗಳ ಪಟ್ಟಿಯಲ್ಲಿರುವ ಲಾಕ್ ಆಲ್ಫಾ ಗುರುತನ್ನು ಒತ್ತಿ, ಒಳಭಾಗದ ಬಣ್ಣವನ್ನು ಎತ್ತಿಕೊಂಡು, ಮೃದುವಾದ ಕುಂಚದಿಂದ ಅಂಚಿನುದ್ದಕ್ಕೂ ಹಗುರವಾಗಿ ಬಳಿಯಬೇಕು. ಪಾರದರ್ಶಕತೆಗೆ ಬೀಗ ಬಿದ್ದಿರುವುದರಿಂದ ಬಣ್ಣವು ಆಕಾರದ ಹೊರಗೆ ಹರಿಯುವುದಿಲ್ಲ, ಬೆರೆತಿದ್ದ ಬಿಳಿಯ ಜಾಗಕ್ಕೆ ಕೂದಲಿನ ಬಣ್ಣ ಬಂದು ಸೇರುತ್ತದೆ. ಫೋಟೋಶಾಪ್‌ನ ಲೇಯರ್ ಮೆನುವಿನಲ್ಲಿರುವ ಮ್ಯಾಟಿಂಗ್ ಪಟ್ಟಿಯ ಡಿಫ್ರಿಂಜ್ ಮತ್ತು ರಿಮೂವ್ ವೈಟ್ ಮ್ಯಾಟ್ ಆದೇಶಗಳೂ ಅಂಚಿನ ಬಣ್ಣವನ್ನೇ ತಿದ್ದುತ್ತವೆ.

ಕೆಲಸವನ್ನು ಸಾಧ್ಯವಾದಷ್ಟು ದೊಡ್ಡ ಗಾತ್ರದ ಚಿತ್ರದಲ್ಲಿ ಮುಗಿಸಿ, ಕೊನೆಗೆ ಬೇಕಾದ ಅಳತೆಗೆ ಕುಗ್ಗಿಸುವುದರಿಂದಲೂ ಅಂಚಿನ ಉಳಿಕೆಗಳು ತಗ್ಗುತ್ತವೆ.

ವಸ್ತುವೇ ಗಾಜಿನಂತಾಗುವುದು

ಕಲರ್ ಟು ಆಲ್ಫಾದ ಸುಖ ಕಂಡವರು ಅದನ್ನು ಎಲ್ಲ ಚಿತ್ರಗಳಿಗೂ ಬಳಸಲು ಹೋಗಿ ಈ ದೋಷಕ್ಕೆ ಸಿಲುಕುತ್ತಾರೆ. ಆ ಆದೇಶಕ್ಕೆ ಅಂಚು ಯಾವುದು, ಒಡಲು ಯಾವುದು ಎಂಬ ಅರಿವಿಲ್ಲ. ಬಿಳಿಯಿಂದ ಯಾವ ಚಾನೆಲ್ ಹೆಚ್ಚು ದೂರದಲ್ಲಿದೆಯೋ ಆ ದೂರವನ್ನಷ್ಟೇ ಅದು ಅಳೆಯುತ್ತದೆ. ಗೊಂಬೆಯ ಕೆಂಪು 200, 30, 30 ಆಗಿದ್ದರೆ ದೂರ 225, ಅಂದರೆ ಅಪಾರದರ್ಶಕತೆ ಸುಮಾರು ಶೇ. 88. ಮನುಷ್ಯರ ಮೈಬಣ್ಣ 224, 172, 140 ಎಂದಿದ್ದರೆ ದೂರ 115, ಅಪಾರದರ್ಶಕತೆ ಶೇ. 45 ಮಾತ್ರ, ಮುಖದ ಮೂಲಕ ಹಿಂದಿನ ಬ್ಯಾನರ್ ಕಾಣಿಸುತ್ತದೆ. ಅಪ್ಪಟ ಅರಿಶಿನಕ್ಕೆ ನೀಲಿ ಚಾನೆಲ್ ಸೊನ್ನೆಯಾಗಿರುವುದರಿಂದ ಏನೂ ಆಗುವುದಿಲ್ಲ. ಒಂದೇ ಚಿತ್ರದಲ್ಲಿ ಕೆಲವು ಬಣ್ಣಗಳು ಗಟ್ಟಿಯಾಗಿ ಉಳಿದು ಕೆಲವು ಕರಗುವುದೇಕೆಂಬ ಗೊಂದಲಕ್ಕೆ ಉತ್ತರ ಇದು.

ಒಪಾಸಿಟಿ ಥ್ರೆಶೋಲ್ಡ್ ಅನ್ನು 1ರಿಂದ ಕೆಳಗಿಳಿಸಿದರೆ ಆ ದೂರ ಮೀರಿದ ಬಣ್ಣಗಳೆಲ್ಲ ಪೂರ್ತಿ ಗಟ್ಟಿಯಾಗುತ್ತವೆ. ಮೇಲಿನ ಮೈಬಣ್ಣಕ್ಕೆ 0.4 ಸಾಕಾಗಬಹುದು. ಆದರೂ ಹೊಳಪಿನ ಭಾಗಗಳು ಉಳಿಯಲಾರವು. ನಾನು ಸೂಚಿಸುವ ಕ್ರಮವೇನೆಂದರೆ, ಕಲರ್ ಟು ಆಲ್ಫಾವನ್ನು ಅಂಚಿನ ಕಿರಿದಾದ ಪಟ್ಟಿಗಷ್ಟೇ ಸೀಮಿತಗೊಳಿಸುವುದು. ಹಿನ್ನೆಲೆಯ ಆಯ್ಕೆಯನ್ನು ಎರಡು-ಮೂರು ಪಿಕ್ಸೆಲ್ ಹಿಗ್ಗಿಸಿ, ಅಳಿಸುವ ಬದಲು ಆ ಆಯ್ಕೆಯೊಳಗೆ ಮಾತ್ರ ಕಲರ್ ಟು ಆಲ್ಫಾ ನಡೆಸಿದರೆ ಹೊರಗಿನ ಬಿಳಿ ಪೂರ್ತಿ ಹೋಗಿ, ಅಂಚು ನಯವಾಗಿ ಬೆರೆತು, ಒಡಲಿಗೆ ಯಾವ ತೊಂದರೆಯೂ ತಗಲುವುದಿಲ್ಲ. 3.0 ಆವೃತ್ತಿಯಲ್ಲಿ ಈ ಪರಿಣಾಮವು ಪದರಕ್ಕೆ ಅಂಟಿಕೊಂಡ ಫಿಲ್ಟರ್ ಆಗಿ ಉಳಿಯುವುದರಿಂದ ಬೆಲೆಗಳನ್ನು ನಂತರವೂ ತೆರೆದು ತಿದ್ದಬಹುದು.

ಶಾಯಿಯ ಚಿತ್ರವನ್ನು ಅದೇ ಕಡತದಲ್ಲಿರುವ ಬಣ್ಣದ ಹಿನ್ನೆಲೆಯ ಮೇಲೆ ಕೂರಿಸುವುದಷ್ಟೇ ಉದ್ದೇಶವಾದರೆ ಬಿಳಿಯನ್ನು ತೆಗೆಯುವ ಅಗತ್ಯವೇ ಇಲ್ಲ. ಪದರದ ಮೋಡ್ ಅನ್ನು ಮಲ್ಟಿಪ್ಲೈಗೆ ಬದಲಿಸಿದರೆ ಬಿಳಿ ತಾನಾಗಿ ಕಾಣದಂತಾಗುತ್ತದೆ.

ಗಿಂಪ್‌ನಲ್ಲಿ ಸರಿ, ಹೊರಗೆ ತಪ್ಪು

ರಫ್ತು ಮಾಡಿದ ಕಡತದಲ್ಲಿ ಹಿನ್ನೆಲೆ ಮರಳಿ ಬಂದಿದ್ದರೆ ಮೊದಲು ಕಡತದ ಬಗೆಯನ್ನು ನೋಡಬೇಕು. ಜೆಪೆಗ್ ಆಗಿ ರಫ್ತಾದರೆ ಪಾರದರ್ಶಕ ಜಾಗಗಳಿಗೆ ಹಿನ್ನೆಲೆ ಬಣ್ಣ ತುಂಬಿಕೊಳ್ಳುತ್ತದೆ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ತೆರೆದು ಪಿಎನ್‌ಜಿ ಅಥವಾ ವೆಬ್‌ಪಿ ಆಗಿ ಉಳಿಸಬೇಕು. ಈಗಾಗಲೇ ಇರುವ ಜೆಪೆಗ್ ಕಡತದ ಹೆಸರಿನ ಕೊನೆಯನ್ನು ಪಿಎನ್‌ಜಿ ಎಂದು ತಿದ್ದುವುದರಿಂದ ಒಳಗಿನ ದತ್ತಾಂಶ ಬದಲಾಗುವುದಿಲ್ಲ. ಮುಖವಾಡ ಮತ್ತು ಪದರಗಳು ಮುಂದೆಯೂ ಬೇಕಾದ್ದರಿಂದ ಗಿಂಪ್‌ನ ಸ್ವಂತ ಬಗೆಯಾದ ಎಕ್ಸ್‌ಸಿಎಫ್ ಕಡತವೊಂದನ್ನು ಜೊತೆಗೆ ಇಟ್ಟುಕೊಳ್ಳಬೇಕು.

ಕಡತ ಪಿಎನ್‌ಜಿಯೇ ಆಗಿದ್ದೂ ಬಿಳಿ ಕಂಡರೆ ಅದು ನೋಡುವ ತಂತ್ರಾಂಶದ ರೀತಿಯಿರಬಹುದು, ಏಕೆಂದರೆ ಪಾರದರ್ಶಕ ಚಿತ್ರವನ್ನು ಬಿಳಿ ಹಾಳೆಯ ಮೇಲಿಟ್ಟು ತೋರಿಸುವ ವೀಕ್ಷಕಗಳು ಅನೇಕ. ಅದೇ ಕಡತವನ್ನು ಗಿಂಪ್‌ನಲ್ಲಿ ಮತ್ತೆ ತೆರೆದು ಚೌಕಳಿ ಕಂಡರೆ ಕಡತದಲ್ಲಿ ದೋಷವಿಲ್ಲ. ಹಿನ್ನೆಲೆ ಕಪ್ಪಾಗಿ ಕಂಡರೆ, ಆ ತಂತ್ರಾಂಶವು ಆಲ್ಫಾವನ್ನು ಕಡೆಗಣಿಸಿ, ಖಾಲಿ ಪಿಕ್ಸೆಲ್‌ಗಳಲ್ಲಿ ಉಳಿದಿರುವ ಸೊನ್ನೆ ಬೆಲೆಗಳನ್ನೇ ಬಣ್ಣವೆಂದು ಓದುತ್ತಿದೆಯೆಂದು ತಿಳಿಯಬೇಕು. ಅರ್ಜಿ ತುಂಬುವ ಸರ್ಕಾರಿ ಜಾಲತಾಣಗಳಿಗೆ ಸಹಿಯ ಚಿತ್ರವನ್ನು ಸಿದ್ಧಪಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವು ಕೇಳುವುದು ಬಹುಮಟ್ಟಿಗೆ ಬಿಳಿ ಕಾಗದದ ಮೇಲಿನ ಸಹಿಯ ಜೆಪೆಗ್ ಚಿತ್ರವನ್ನು. ಅಲ್ಲಿ ಹಿನ್ನೆಲೆ ತೆಗೆದು ಕಳುಹಿಸಿದರೆ ಕಪ್ಪು ಪಟ್ಟಿಯಾಗಿ ಕಾಣುವ ಸಾಧ್ಯತೆ ಇದೆ. ಸಹಿಯಂಥ ಚಿತ್ರವನ್ನು ಅಪರಿಚಿತ ಆನ್‌ಲೈನ್ ಸೇವೆಗಳಿಗೆ ಏರಿಸಿ ಹಿನ್ನೆಲೆ ತೆಗೆಸುವುದೂ ವಿವೇಕವಲ್ಲ. ಆ ಸೇವೆಗಳು ಮನುಷ್ಯರ ಚಿತ್ರಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆಂಬುದು ನಿಜ; ಅಕ್ಷರಗಳ ಒಳಸುತ್ತಿನಲ್ಲಿ ಮಾತ್ರ ಪದೇ ಪದೇ ಎಡವುತ್ತವೆ.

ಇನ್ನು ಬಿಳಿ ಹಿನ್ನೆಲೆಯ ಮೇಲಿನ ಬಿಳಿ ವಸ್ತು: ಮಲ್ಲಿಗೆಯ ದಂಡೆ, ಬಿಳಿ ಪಂಚೆ, ಚೀನೀ ಮಣ್ಣಿನ ಬಟ್ಟಲು. ಬಣ್ಣವನ್ನು ನೋಡಿ ಆಯ್ಕೆ ಮಾಡುವ ಯಾವ ಉಪಕರಣವೂ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಬೇರ್ಪಡಿಸಲು ಬೇಕಾದ ಬಣ್ಣದ ವ್ಯತ್ಯಾಸವೇ ಚಿತ್ರದಲ್ಲಿ ದಾಖಲಾಗಿಲ್ಲ. ಬಟ್ಟಲಿನಂಥ ನೇರ ಅಂಚಿನ ವಸ್ತುವನ್ನು ಪಾಥ್ಸ್ ಉಪಕರಣದಿಂದ ಬಿಂದು ಬಿಂದುವಾಗಿ ಸುತ್ತುಹಾಕಿ, ಆ ಪಾಥ್ ಅನ್ನು ಆಯ್ಕೆಯಾಗಿ ಬದಲಿಸಬಹುದು. ಮಲ್ಲಿಗೆಯ ದಂಡೆಗೆ ಅಷ್ಟು ಶ್ರಮ ಪಡುವ ಬದಲು ನೀಲಿ ಅಥವಾ ಹಸಿರು ಹಾಳೆಯ ಮೇಲಿಟ್ಟು ಇನ್ನೊಮ್ಮೆ ಚಿತ್ರ ತೆಗೆಯುವುದೇ ಸರಿಯೆಂದು ನನ್ನ ಅಭಿಪ್ರಾಯ. ಎಲೆ, ದಾರ ಹಸಿರಾಗಿದ್ದರೆ ನೀಲಿ ಹಾಳೆಯನ್ನೇ ಆರಿಸಿಕೊಂಡು, ಹೂವಿನ ಮೇಲೆ ನೀಲಿಯ ಪ್ರತಿಫಲನ ಬೀಳದಂತೆ ದಂಡೆಯನ್ನು ಹಾಳೆಯಿಂದ ಗೇಣುದ್ದವಾದರೂ ಎತ್ತರಿಸಿ ಕಟ್ಟಬೇಕು.

ಸಿದ್ಧವಾದ ಪಿಎನ್‌ಜಿಯನ್ನು ಮುದ್ರಣದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೋ ಆಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಫೋಟೋ ಆಗಿ ಹೋದ ಚಿತ್ರ ದಾರಿಯಲ್ಲಿ ಜೆಪೆಗ್ ಆಗಿ ಬದಲಾಗಿ ಆಲ್ಫಾವನ್ನು ಕಳೆದುಕೊಳ್ಳುತ್ತದೆ. ಮುದ್ರಣದವರ ಬಳಿ ಬಿಳಿ ಮರಳಿತೆಂಬ ದೂರಿನ ಬೆನ್ನುಹತ್ತಿದಾಗ ಕಾರಣ ಹೆಚ್ಚಾಗಿ ಇಲ್ಲಿಯೇ ಸಿಗುತ್ತದೆ.